ಫುಟ್‌ಬಾಲ್ ಆಟಗಾರನನ್ನು ‘ಕೊಳ್ಳುವುದು’ ಎಂದರೇನು? ಕರಾರು, ಸಂಬಳ ಮತ್ತು ತಕರಾರಿನ ಒಳಗುಟ್ಟು

ಮೇಲೆ ಫುಟ್‌ಬಾಲ್ ಆಟಗಾರನ ಫೋಟೊ, ನಡುವೆ ಕೋಟಿಗಳ ಲೆಕ್ಕ, ಕೆಳಗೆ ಒಂದು ಷರಾ. ಆಟಗಾರರು ತಂಡ ಬದಲಿಸುವ ಕಾಲ ಬಂತೆಂದರೆ ಈ ಬಗೆಯ ಫಾರ್ವರ್ಡ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತತೊಡಗುತ್ತವೆ. ಆಟಗಾರರನ್ನು ದನದ ಸಂತೆಯಲ್ಲಿ ಮಾರಿದಂತೆ ಮಾರುತ್ತಾರೆ, ಒಮ್ಮೆ ಸಹಿ ಹಾಕಿದರೆ ಅದು ಜೀತವೇ ಸರಿ ಎನ್ನುತ್ತದೆ ಒಂದು. ದುಡ್ಡು ಹೆಚ್ಚು ಕೊಟ್ಟ ಕಡೆ ಹಾರುವ ಇವರಿಗೆ ಕರಾರು ಲೆಕ್ಕಕ್ಕೇ ಇಲ್ಲ ಎನ್ನುತ್ತದೆ ಇನ್ನೊಂದು. ತಂಡ ನಷ್ಟದಲ್ಲಿದ್ದರೆ ಸಂಬಳ ನಿಲ್ಲಿಸಬಹುದು, ಅದನ್ನು ಕೇಳುವವರೇ ಇಲ್ಲ ಎಂಬುದು ಮತ್ತೊಂದು. ಮೊದಲಿನ ಎರಡು ಮಾತುಗಳು ಒಂದಕ್ಕೊಂದು ಪೂರ್ತಿ ವಿರುದ್ಧ. ಆದರೂ ಒಂದೇ ಗುಂಪಿನಲ್ಲಿ, ಒಂದೇ ದಿನ, ಎರಡಕ್ಕೂ ಹೆಬ್ಬೆಟ್ಟಿನ ಗುರುತು ಬೀಳುತ್ತದೆ!

ಇದು ದೊಡ್ಡ ಊರಿನ ದೊಡ್ಡ ದುಡ್ಡಿನ ವಿಚಾರ, ನಮಗೇಕೆ ಎಂದು ನೀವು ಕೇಳಬಹುದು. ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರಿನಲ್ಲಿ ಫುಟ್‌ಬಾಲಿಗಿಂತ ಕಬಡ್ಡಿ, ಕ್ರಿಕೆಟ್ಟಿನ ಮಾತೇ ಹೆಚ್ಚು, ನಿಜ. ಆದರೆ ಈಗ ಅಕಾಡೆಮಿಗಳ ಜಾಹೀರಾತು ಎಲ್ಲರ ಮೊಬೈಲಿಗೂ ಬರುತ್ತದೆ. ಆಳಂದದ ಹುಡುಗನಿರಲಿ, ಅಫಜಲಪುರದ ಹುಡುಗಿಯಿರಲಿ, ಕಬಡ್ಡಿಯಾಗಲಿ ಫುಟ್‌ಬಾಲ್ ಆಗಲಿ, ಆಟವನ್ನೇ ಉದ್ಯೋಗ ಮಾಡಿಕೊಳ್ಳಲು ಹೊರಟರೆ ಮೊದಲು ಎದುರಾಗುವುದು ಒಂದು ಕಾಗದ. ಅದರಲ್ಲಿ ಏನಿರುತ್ತದೆ, ಅದು ಯಾರನ್ನು ಎಷ್ಟು ಕಟ್ಟಿಹಾಕುತ್ತದೆ ಎಂಬುದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಅದಕ್ಕೇ ಈ ಲೇಖನ.

ಮಾರಾಟವಾಗುವುದು ಮನುಷ್ಯನಲ್ಲ

ನಮ್ಮ ಕಡೆಯ ಹೊಲದ ಲೆಕ್ಕದಿಂದಲೇ ಶುರುಮಾಡೋಣ. ವರ್ಷದ ಆಳು ಎಂದರೆ ನಿಮಗೆ ಗೊತ್ತು. ಯುಗಾದಿಯಿಂದ ಯುಗಾದಿಗೆ ಮಾತಾಗುತ್ತದೆ, ಇಷ್ಟು ಹಣ, ಇಷ್ಟು ಕಾಳು ಎಂದು ನಿಗದಿಯಾಗುತ್ತದೆ. ವರ್ಷ ಮುಗಿದರೆ ಆಳು ಬೇರೆ ಹೊಲಕ್ಕೆ ಹೋಗಬಹುದು, ಮಾಲೀಕ ಬೇರೆಯವರನ್ನು ಇಟ್ಟುಕೊಳ್ಳಬಹುದು. ಈಗ ನಡುವರ್ಷದಲ್ಲಿ ಪಕ್ಕದ ಊರಿನ ಸಾಹುಕಾರ ಬಂದು, ‘ನಿಮ್ಮ ಆಳನ್ನು ಈಗಲೇ ಬಿಟ್ಟುಕೊಡಿ, ಉಳಿದ ತಿಂಗಳುಗಳಿಗೆ ನಿಮಗಾಗುವ ನಷ್ಟವನ್ನು ನಾನು ಕೊಡುತ್ತೇನೆ’ ಎಂದ ಎನ್ನಿ. ಮೊದಲ ಮಾಲೀಕ ಒಪ್ಪಿದ, ಆಳೂ ಒಪ್ಪಿದ. ಫುಟ್‌ಬಾಲಿನ ‘ವರ್ಗಾವಣೆ ಶುಲ್ಕ’ ಎಂದರೆ ಇಷ್ಟೇ. ಇಂಥವರನ್ನು ಇಷ್ಟು ಕೋಟಿಗೆ ಕೊಂಡರು ಎಂದು ಪತ್ರಿಕೆಗಳು ಬರೆಯುವಾಗ ಆ ಹಣ ಹೋಗುವುದು ಹಳೆಯ ತಂಡಕ್ಕೆ, ಬಾಕಿ ಉಳಿದ ಕರಾರನ್ನು ಬಿಟ್ಟುಕೊಟ್ಟದ್ದಕ್ಕೆ. ಆಟಗಾರನ ಸಂಬಳ ಬೇರೆ, ಅದನ್ನು ಹೊಸ ತಂಡ ಅವನ ಜೊತೆ ಬೇರೆಯಾಗಿಯೇ ಮಾತಾಡುತ್ತದೆ. ಅವನು ಒಪ್ಪದಿದ್ದರೆ ಎರಡು ತಂಡಗಳು ಎಷ್ಟೇ ಕೈಕುಲುಕಿದರೂ ವರ್ಗಾವಣೆ ಆಗುವುದಿಲ್ಲ.

‘ಹರಾಜು’ ಎಂಬ ಪದವೂ ತಲೆ ಕೆಡಿಸಿದೆ. ಐಪಿಎಲ್, ಪ್ರೊ ಕಬಡ್ಡಿಗಳಲ್ಲಿ ಹರಾಜು ಇದೆ. ಅಲ್ಲಿಯೂ ಕೂಗುವುದು ಆಟಗಾರನ ಸಂಬಳದ ಮೊತ್ತವನ್ನು. ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಆರಂಭದ ವರ್ಷಗಳಲ್ಲಿ ಭಾರತೀಯ ಆಟಗಾರರನ್ನು ಸರದಿಯಂತೆ ಹಂಚಿಕೊಳ್ಳುವ ‘ಡ್ರಾಫ್ಟ್’ ಇತ್ತು, ಈಗ ಅದೂ ಇಲ್ಲ. ಆಟಗಾರ ಮತ್ತು ತಂಡ ನೇರವಾಗಿ ಕೂತು ಮಾಡಿಕೊಳ್ಳುವ ಕರಾರೇ ಈಗ ಎಲ್ಲಕ್ಕೂ ಆಧಾರ.

ಹಾಗಾದರೆ ಜೀತದ ಹೋಲಿಕೆ ಪೂರ್ತಿ ಸುಳ್ಳೇ? ಇಂದಿನ ಮಟ್ಟಿಗೆ ಸುಳ್ಳು. ಆದರೆ ಅದಕ್ಕೊಂದು ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ ಬಹಳ ಕಾಲ ಒಂದು ಪದ್ಧತಿ ಇತ್ತು. ಕರಾರಿನ ಅವಧಿ ಮುಗಿದ ಮೇಲೂ ಆಟಗಾರನ ನೋಂದಣಿಯನ್ನು ತಂಡ ತನ್ನ ಬಳಿಯೇ ಇಟ್ಟುಕೊಳ್ಳಬಹುದಿತ್ತು. ಸಂಬಳ ಕೊಡಬೇಕಿರಲಿಲ್ಲ, ಬೇರೆಡೆ ಆಡಲು ಬಿಡಬೇಕಿರಲಿಲ್ಲ. ಜಾರ್ಜ್ ಈಸ್ಟಮ್ ಎಂಬ ಆಟಗಾರ ನ್ಯೂಕ್ಯಾಸಲ್ ತಂಡವನ್ನು ಕೋರ್ಟಿಗೆ ಎಳೆದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು, ಹೀಗೆ ಹಿಡಿದಿಟ್ಟುಕೊಳ್ಳುವುದು ಮನುಷ್ಯನ ದುಡಿಮೆಯ ಹಕ್ಕಿಗೆ ಹಾಕಿದ ನ್ಯಾಯವಲ್ಲದ ತಡೆ ಎಂದು ತೀರ್ಪು ಕೊಟ್ಟರು.

ಯುರೋಪಿನ ಉಳಿದೆಡೆ ಇದು ಬದಲಾಗಲು ಇನ್ನೂ ಮೂರು ದಶಕ ಬೇಕಾಯಿತು. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅಂಥ ದೊಡ್ಡ ತಾರೆಯೇನಲ್ಲ. 1990ರಲ್ಲಿ ಲಿಯೇಜ್ ತಂಡದ ಜೊತೆ ಅವರ ಕರಾರು ಮುಗಿಯಿತು. ತಂಡ ಬಹಳ ಕಡಿಮೆ ಸಂಬಳಕ್ಕೆ ಹೊಸ ಕರಾರು ಮುಂದಿಟ್ಟಿತು, ಅವರು ಒಪ್ಪಲಿಲ್ಲ. ಫ್ರಾನ್ಸಿನ ಡಂಕರ್ಕ್ ತಂಡ ಕರೆಯಿತು. ಕರಾರು ಮುಗಿದಿದ್ದರೂ ವರ್ಗಾವಣೆ ಹಣದ ತಕರಾರು ಅಡ್ಡ ಬಂದು ಅವರು ಎಲ್ಲಿಗೂ ಹೋಗಲಾಗದೆ ಉಳಿದರು. ಐದು ವರ್ಷ ಕೋರ್ಟು ಅಲೆದ ಮೇಲೆ, 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಅವಧಿ ಮುಗಿದ ಮೇಲೆ ಯೂರೋಪ್ ಒಕ್ಕೂಟದ ಒಳಗೆ ಬೇರೆ ದೇಶದ ತಂಡಕ್ಕೆ ಹೋಗುವ ಆಟಗಾರನ ಹೆಸರಿನಲ್ಲಿ ಹಳೆಯ ತಂಡ ಹಣ ಕೇಳುವಂತಿಲ್ಲ. ಇವತ್ತು ಕರಾರು ಮುಗಿದ ಆಟಗಾರ ಬಿಡಿ ಹಕ್ಕಿಯಂತೆ ಬೇಕಾದ ತಂಡ ಸೇರುತ್ತಾನಲ್ಲ, ಆ ದಾರಿ ತೆರೆದವರು ಇವರು. ಇವರ ಸ್ವಂತ ಆಟದ ಬದುಕು ಮಾತ್ರ ಆ ಐದು ವರ್ಷಗಳಲ್ಲಿ ಮುಗಿದೇ ಹೋಗಿತ್ತು.

ಈಗಿನ ಫಿಫಾ ನಿಯಮದಂತೆ ಕರಾರು ಐದು ವರ್ಷಕ್ಕಿಂತ ಹೆಚ್ಚಿನದಾಗುವಂತಿಲ್ಲ (ದೇಶದ ಕಾನೂನು ಹೆಚ್ಚಿನ ಅವಧಿಗೆ ಅವಕಾಶ ಕೊಟ್ಟರೆ ಮಾತು ಬೇರೆ). 18ರೊಳಗಿನವರಿಗೆ ಮೂರು ವರ್ಷವೇ ಮಿತಿ. ಕರಾರು ಮುಗಿಯಲು ಆರು ತಿಂಗಳು ಉಳಿದಿದೆ ಎನ್ನುವಾಗಲೇ ಆಟಗಾರ ಬೇರೆ ತಂಡದ ಜೊತೆ ಮಾತಾಡಿ ಮುಂದಿನ ಕರಾರಿಗೆ ಸಹಿ ಹಾಕಬಹುದು. ‘ಇನ್ನೂ ನಮ್ಮ ತಂಡದಲ್ಲಿ ಆಡುತ್ತಿರುವಾಗಲೇ ಅವರ ಜೊತೆ ಕೈ ಜೋಡಿಸಿದ ದ್ರೋಹಿ’ ಎಂಬ ಫಾರ್ವರ್ಡ್ ಬಂದರೆ ಮೊದಲು ಕರಾರಿನ ಕೊನೆಯ ತಾರೀಖು ನೋಡಿ. ಬಹಳ ಸಲ ಅಲ್ಲಿ ದ್ರೋಹವೂ ಇರುವುದಿಲ್ಲ, ಸುದ್ದಿಯೂ ಇರುವುದಿಲ್ಲ.

ನಡುವೆ ಬಿಟ್ಟುಹೋದರೆ?

ಇಲ್ಲಿ ವರ್ಷದ ಆಳಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು. ಕಬ್ಬು ಕಡಿಯುವ ಟೋಳಿಗೆ ಮುಂಗಡ ಕೊಡುತ್ತಾರೆ. ಮುಂಗಡ ಪಡೆದವರು ಕೆಲಸ ಬಿಟ್ಟರೆ ಹಣ ವಾಪಸು ಕೇಳುವುದು ಒಂದು, ‘ಹಣ ತೀರುವ ತನಕ ಕದಲಬೇಡ’ ಎಂದು ಕೂಡಿಹಾಕುವುದು ಇನ್ನೊಂದು. ಎರಡನೆಯದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಫುಟ್‌ಬಾಲಿನಲ್ಲಿಯೂ ಗೆರೆ ಇದೇ ಜಾಗದಲ್ಲಿ ಬೀಳುತ್ತದೆ. ಕರಾರು ಮುರಿದ ಆಟಗಾರನಿಂದ ಪರಿಹಾರ ಕೇಳಬಹುದು, ಹಿಡಿದು ತಂದು ಆಡಿಸಲು ಬರುವುದಿಲ್ಲ. ವ್ಯಕ್ತಿಗತ ಸೇವೆಯ ಕರಾರನ್ನು ಬಲವಂತದಿಂದ ಜಾರಿ ಮಾಡಿಸಲು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗೊತ್ತಾದ ನಷ್ಟಕ್ಕೆ ಸರಿಹೊಂದುವ ಪರಿಹಾರ ಕೊಡಿಸುತ್ತವೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು, ಒಬ್ಬರ ಉದ್ಯೋಗಕ್ಕೆ ತಡೆ ಹಾಕುವ ಒಪ್ಪಂದ ಅಷ್ಟರಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿಮಾರ್ಕ್ ಸಂಸ್ಥೆಯ ವ್ಯಾಜ್ಯದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನೇ ಆಧರಿಸಿತು. ಕರಾರಿನ ಅವಧಿ ಮುಗಿದ ಮೇಲೂ ಆಟಗಾರನನ್ನು ಹಿಡಿದಿಡುವ ಷರತ್ತು ನಿಲ್ಲುವುದಿಲ್ಲ ಎಂದಿತು.

ಹಾಗೆಂದು ಬಿಟ್ಟುಹೋಗುವುದು ಅಗ್ಗವೇನಲ್ಲ. ಫಿಫಾ ನಿಯಮದಲ್ಲಿ ‘ಸಂರಕ್ಷಿತ ಅವಧಿ’ ಎಂಬುದಿದೆ. 28 ವರ್ಷ ತುಂಬುವ ಮೊದಲು ಸಹಿ ಹಾಕಿದ್ದರೆ ಮೊದಲ ಮೂರು ವರ್ಷ, ಆಮೇಲಾದರೆ ಮೊದಲ ಎರಡು ವರ್ಷ. ಈ ಅವಧಿಯಲ್ಲಿ ಸಕಾರಣವಿಲ್ಲದೆ ಕರಾರು ಮುರಿದ ಆಟಗಾರನಿಗೆ ಪರಿಹಾರದ ಹೊರೆಯ ಜೊತೆಗೆ ನಾಲ್ಕು ತಿಂಗಳ ನಿಷೇಧವೂ ಬೀಳಬಹುದು. ಮುರಿಯಲು ಕುಮ್ಮಕ್ಕು ಕೊಟ್ಟ ತಂಡಕ್ಕೆ ಎರಡು ವರ್ಗಾವಣೆ ಅವಧಿಗಳಲ್ಲಿ ಹೊಸಬರನ್ನು ನೋಂದಾಯಿಸುವ ಹಕ್ಕು ಹೋಗುತ್ತದೆ.

ಇದು ನಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಅನ್ವರ್ ಅಲಿ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪಂಜಾಬಿನ ಈ ರಕ್ಷಣಾ ಆಟಗಾರನನ್ನು ದೆಹಲಿ ಎಫ್‌ಸಿ ಸಾಲದ ರೂಪದಲ್ಲಿ, ಅಂದರೆ ಆಟಗಾರ ನಮ್ಮವನೇ ಆದರೆ ಇಷ್ಟು ಕಾಲ ನಿಮಗೆ ಆಡುತ್ತಾನೆ ಎಂಬ ಕರಾರಿನಂತೆ, ಮೋಹನ್ ಬಾಗಾನ್‌ಗೆ ಕೊಟ್ಟಿತ್ತು. 2023ರಲ್ಲಿ ಆದ ಆ ಏರ್ಪಾಟು ನಾಲ್ಕು ವರ್ಷದ್ದು. ಒಂದೇ ವರ್ಷದಲ್ಲಿ, 2024ರ ಬೇಸಿಗೆ ಕಳೆಯುವಷ್ಟರಲ್ಲಿ, ಅದು ಮುರಿದುಬಿತ್ತು. ಆಟಗಾರ ಬಾಗಾನ್‌ನ ಬದ್ಧ ಎದುರಾಳಿ ಈಸ್ಟ್ ಬೆಂಗಾಲ್ ಸೇರಿದರು. ಕೋಲ್ಕತ್ತದಲ್ಲಿ ಎದ್ದ ಗದ್ದಲ ಕೇಳಬೇಕೆ! ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ, ಅಂದರೆ ಎಐಎಫ್‌ಎಫ್‌ನ, ಆಟಗಾರರ ಸ್ಥಾನಮಾನ ಸಮಿತಿ 2024ರ ಸೆಪ್ಟೆಂಬರ್ 10ರಂದು ಆದೇಶ ಹೊರಡಿಸಿತು. ಆಟಗಾರನಿಗೆ ನಾಲ್ಕು ತಿಂಗಳ ನಿಷೇಧ, ಎರಡು ತಂಡಗಳಿಗೆ ಎರಡು ವರ್ಗಾವಣೆ ಅವಧಿಯ ನೋಂದಣಿ ನಿಷೇಧ, ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಪರಿಹಾರ.

ಫಾರ್ವರ್ಡ್‌ಗಳು ಇಲ್ಲಿಗೇ ನಿಂತವು. ಕತೆ ನಿಲ್ಲಲಿಲ್ಲ. ಆದೇಶಕ್ಕೆ ಕಾರಣಗಳನ್ನು ವಿವರಿಸಿಲ್ಲ ಎಂದು ಆಟಗಾರ ಮತ್ತು ತಂಡಗಳು ದೆಹಲಿ ಹೈಕೋರ್ಟಿಗೆ ಹೋದವು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು, ವಿಚಾರಣೆ ಮತ್ತೆ ಮೊದಲಿನಿಂದ ಎಂದಾಯಿತು. ಅನ್ವರ್ ಆ ಋತುವಿನಲ್ಲಿ ಈಸ್ಟ್ ಬೆಂಗಾಲ್ ಪರ ಆಡಿದರು. ಯಾರು ಸರಿ ಎಂಬ ತೀರ್ಮಾನ ನಮ್ಮ ಕೆಲಸವಲ್ಲ. ಆದರೆ ಕೋಟಿಗಳ ದಂಡ ಹಾಕುವ ಸಮಿತಿ ಏಕೆ ಹಾಕಿದೆ ಎಂದು ಬರೆದುಕೊಡದಿದ್ದರೆ ಆ ದಂಡ ಒಂದು ವಾರವೂ ನಿಲ್ಲುವುದಿಲ್ಲ ಎಂಬುದು ನಮಗೆ ಈ ಪ್ರಕರಣದ ಅತಿ ಮುಖ್ಯ ಸಂಗತಿಯಾಗಿ ಕಾಣುತ್ತದೆ.

ಯುರೋಪಿನಲ್ಲಿಯೂ ಈ ದಂಡಗಳ ಬುಡ ಈಗ ಅಲುಗಾಡಿದೆ. ಫ್ರಾನ್ಸಿನ ಲಸಾನಾ ಡಿಯಾರಾ 2014ರಲ್ಲಿ ಲೊಕೊಮೊಟಿವ್ ಮಾಸ್ಕೋ ತಂಡದಿಂದ ಹೊರಬಂದಾಗ ಅವರ ಮೇಲೆ ಒಂದು ಕೋಟಿ ಐದು ಲಕ್ಷ ಯೂರೋ ಪರಿಹಾರ ಬಿತ್ತು. ಅವರನ್ನು ಸೇರಿಸಿಕೊಳ್ಳುವ ಹೊಸ ತಂಡವೂ ಅದಕ್ಕೆ ಹೊಣೆ ಎಂಬ ನಿಯಮವಿದ್ದುದರಿಂದ ಬೆಲ್ಜಿಯಂನ ಶಾರ್ಲೆರ್ವಾ ತಂಡ ಹಿಂಜರಿಯಿತು. 2024ರ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ, ಫಿಫಾದ ಇಂಥ ಕೆಲವು ನಿಯಮಗಳು ಯುರೋಪ್ ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಆಮೇಲೆ ಫಿಫಾ ತನ್ನ ನಿಯಮಗಳನ್ನು ತಿದ್ದಬೇಕಾಯಿತು.

ನಿಜವಾದ ತಕರಾರು: ಬಾರದ ಸಂಬಳ

ಓಡಿಹೋದ ಆಟಗಾರನ ಕತೆಗೆ ಮಸಾಲೆ ಹೆಚ್ಚು, ಅದಕ್ಕೇ ಅದು ಬೇಗ ಹರಡುತ್ತದೆ. ಆದರೆ ಸಾಮಾನ್ಯ ಆಟಗಾರನ ಬದುಕನ್ನು ಹಿಂಡುವ ತಕರಾರು ಬಹಳ ಸಪ್ಪೆಯಾದದ್ದು: ತಿಂಗಳು ಮುಗಿಯಿತು, ಸಂಬಳ ಬರಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಹೈದರಾಬಾದಿನದು. ಕಲಬುರಗಿಯವರು ಆಸ್ಪತ್ರೆಗೆ, ವ್ಯಾಪಾರಕ್ಕೆ ಹೋಗಿಬರುವ ಊರು. ಅಲ್ಲಿನ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಚಾಂಪಿಯನ್ ಆಯಿತು. ಎರಡೇ ವರ್ಷಕ್ಕೆ, 2023–24ರ ಋತುವಿನಲ್ಲಿ, ಅದೇ ತಂಡ ಅಂಕಪಟ್ಟಿಯ ತಳದಲ್ಲಿತ್ತು. ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಬಾಕಿ ಬಿದ್ದಿತ್ತು. ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೋದರು, ಆಮೇಲೆ ಭಾರತೀಯರು. ಚಿಂಗ್ಲೆನ್‌ಸಾನಾ ಸಿಂಗ್, ನಿಖಿಲ್ ಪೂಜಾರಿ ಅಂಥವರು ಬೆಂಗಳೂರು ಎಫ್‌ಸಿಗೆ ಬಂದರು. ಉಳಿದ ಎಳೆಯ ಹುಡುಗರನ್ನು ಕಟ್ಟಿಕೊಂಡು ಕೋಚ್ ಥಾಂಗ್‌ಬೊಯ್ ಸಿಂಗ್ಟೊ ಋತು ಮುಗಿಸಿದರು. ಕೊನೆಗೆ 2025ರಲ್ಲಿ ಆ ತಂಡ ಮಾಲೀಕತ್ವ ಬದಲಾಗಿ, ಊರೂ ಬದಲಾಗಿ, ದೆಹಲಿಗೆ ಹೋಯಿತು.

ಚಾಂಪಿಯನ್ ತಂಡದ ಆಟಗಾರ ನಡುವೆ ಬಿಟ್ಟುಹೋದ ಎಂದರೆ ‘ದುಡ್ಡಿನ ಆಸೆ’ ಎಂಬ ಷರಾ ಸಿದ್ಧವಾಗಿರುತ್ತದೆ. ಆದರೆ ನಿಯಮ ಏನು ಹೇಳುತ್ತದೆ ನೋಡಿ. ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರ ತಂಡಕ್ಕೆ ಲಿಖಿತ ನೋಟಿಸು ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ಅಷ್ಟರಲ್ಲಿ ಹಣ ಬಾರದಿದ್ದರೆ ಅವನಿಗೆ ಕರಾರು ಕೊನೆಗೊಳಿಸುವ ‘ಸಕಾರಣ’ ಸಿಕ್ಕಂತೆ. ಆಗ ದಂಡ ತೆರಬೇಕಾದುದು ಅವನಲ್ಲ, ತಂಡ. ಉಳಿದ ಕರಾರಿನ ಹಣವನ್ನೂ ಅವನು ಕೇಳಬಹುದು (ಹೊಸ ತಂಡದಲ್ಲಿ ಸಿಗುವ ಸಂಬಳವನ್ನು ಅದರಲ್ಲಿ ಕಳೆಯುತ್ತಾರೆ). ಫಿಫಾ 2018ರಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ಬರೆದು ಸೇರಿಸಿತು.

ಇಲ್ಲಿ ಗಮನಿಸಬೇಕಾದ ಮಾತು ‘ಲಿಖಿತ’ ಎಂಬುದು. ಮ್ಯಾನೇಜರ್ ಜೊತೆ ಫೋನಿನಲ್ಲಿ ಜಗಳವಾಡಿದ್ದು ನೋಟಿಸಲ್ಲ. ‘ಮುಂದಿನ ವಾರ ಹಾಕುತ್ತೇವೆ’ ಎಂಬ ಧ್ವನಿ ಸಂದೇಶ ಹಣವಲ್ಲ. ನೋಟಿಸು ಕೊಡದೆ ಸಿಟ್ಟಿನಲ್ಲಿ ಚೀಲ ಕಟ್ಟಿಕೊಂಡು ಮನೆಗೆ ಬಂದ ಆಟಗಾರ, ಆರು ತಿಂಗಳ ಸಂಬಳ ಬಾಕಿ ಇದ್ದರೂ, ಕರಾರು ಮುರಿದವನು ತಾನೇ ಎಂದಾಗುವ ಅಪಾಯವಿದೆ. ಸರಿಯಾದ ದಾರಿಯಲ್ಲಿ ಹೋದವನಿಗೆ ಮಾತ್ರ ಬಲವಾದ ಅಸ್ತ್ರ ಸಿಗುತ್ತದೆ. ತೀರ್ಪಿನ ನಂತರವೂ ಹಣ ಕೊಡದ ತಂಡಕ್ಕೆ ಹೊಸ ಆಟಗಾರರ ನೋಂದಣಿಯೇ ನಿಲ್ಲುತ್ತದೆ. ಕೋಲ್ಕತ್ತ, ಕೊಚ್ಚಿ, ಹೈದರಾಬಾದ್ ತಂಡಗಳು ಇದರ ರುಚಿ ಕಂಡಿವೆ. ನಮಗೆ ತಿಳಿದ ಮಟ್ಟಿಗೆ ಕೋರ್ಟಿನ ಜಪ್ತಿ ನೋಟಿಸಿಗಿಂತ ಫುಟ್‌ಬಾಲ್ ತಂಡಗಳು ಹೆದರುವುದು ಇದಕ್ಕೇ.

ಬೆಂಗಳೂರಿನಲ್ಲಿ ಆದದ್ದು

ಸಂಬಳದ ವಿಷಯದಲ್ಲಿ ಕರ್ನಾಟಕದ ಹಳೆಯ ನೆನಪು ಬೇರೆ ಬಗೆಯದು. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳ ನೆರಳಿನಲ್ಲಿ. ಆಟಗಾರ ಅಲ್ಲಿನ ನೌಕರ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಗಾಯವಾಗಿ ಆಟ ನಿಂತರೂ ನೌಕರಿ ಉಳಿಯುತ್ತಿತ್ತು. ಕೋಟಿಗಳ ಮಾತಿರಲಿಲ್ಲ, ತಿಂಗಳ ಕೊನೆಗೆ ಸಂಬಳ ತಪ್ಪುತ್ತಿರಲಿಲ್ಲ. ಎಚ್‌ಎಎಲ್ ತಂಡ 2011–12ರವರೆಗೂ ದೇಶದ ಐ–ಲೀಗ್‌ನಲ್ಲಿ ಆಡಿತು. ಮರುವರ್ಷ, 2013ರಲ್ಲಿ, ಜಿಂದಾಲ್ ಸಮೂಹದ ಜೆಎಸ್‌ಡಬ್ಲ್ಯೂ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಮೊದಲ ವರ್ಷವೇ ಐ–ಲೀಗ್ ಗೆದ್ದ ತಂಡ, 2018–19ರಲ್ಲಿ ಐಎಸ್‌ಎಲ್ ಟ್ರೋಫಿಯನ್ನೂ ಎತ್ತಿತು. ದೇಶದಲ್ಲಿ ಅಚ್ಚುಕಟ್ಟಾಗಿ ನಡೆಯುವ ತಂಡ ಎಂಬ ಹೆಸರು ಅದಕ್ಕಿತ್ತು.

ಹಾಗಾಗಿಯೇ 2025ರ ಆಗಸ್ಟ್ ಮೊದಲ ವಾರದ ಪ್ರಕಟಣೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಎಂದು ಬೆಂಗಳೂರು ಎಫ್‌ಸಿ ಹೇಳಿತು. ಆ ಹೊತ್ತಿನಲ್ಲಿ ಇತರ ಕೆಲವು ತಂಡಗಳೂ ಇಂಥದೇ ಹೆಜ್ಜೆ ಇಟ್ಟವು.

ಇದರ ಬೇರು ಇನ್ನೊಂದು ಕರಾರಿನಲ್ಲಿತ್ತು. ಎಐಎಫ್‌ಎಫ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ, ಐಎಂಜಿ–ರಿಲಯನ್ಸ್‌ಗೆ ಕೊಟ್ಟಿತ್ತು. ಐಎಸ್‌ಎಲ್ ನಡೆಸುತ್ತಿದ್ದ ಕಂಪನಿ ಎಫ್‌ಎಸ್‌ಡಿಎಲ್ ಹುಟ್ಟಿದ್ದು ಇದರಿಂದಲೇ. ಆ ಕರಾರು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು, ನವೀಕರಣವಾಗಿರಲಿಲ್ಲ. ಫೆಡರೇಷನ್ನಿನ ನಿಯಮಾವಳಿಯ ವಿಷಯ ಸುಪ್ರೀಂ ಕೋರ್ಟಿನಲ್ಲಿತ್ತು. ಮುಂದೇನು ಎಂಬುದು ಗೊತ್ತಿಲ್ಲದ ಕಾರಣ ಎಫ್‌ಎಸ್‌ಡಿಎಲ್ ಜುಲೈನಲ್ಲಿ ಹೊಸ ಋತುವನ್ನೇ ತಡೆಹಿಡಿಯಿತು. ಲೀಗ್ ಇಲ್ಲವೆಂದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಪ್ರಸಾರದ ಹಣವಿಲ್ಲ. ಸಂಬಳ ಎಲ್ಲಿಂದ ತರುವುದು ಎಂಬುದು ತಂಡಗಳ ವಾದ.

ಈ ವಾದ ಸುಳ್ಳಲ್ಲ. ಭಾರತದ ಫುಟ್‌ಬಾಲ್ ತಂಡಗಳು ಲಾಭ ನೋಡುವುದೇ ಅಪರೂಪ. ಆದರೆ ಆಟಗಾರ ಸಹಿ ಹಾಕಿದ್ದು ತಂಡದ ಜೊತೆ, ಲೀಗ್ ಜೊತೆ ಅಲ್ಲ. ಮಳೆ ಬಾರದೆ ತೊಗರಿ ಒಣಗಿತೆಂದು ವರ್ಷದ ಆಳಿನ ಲೆಕ್ಕ ತನ್ನಿಂದ ತಾನೇ ಚುಕ್ತಾ ಆಗುವುದಿಲ್ಲವಲ್ಲ? ಕರಾರು ಕಾಯ್ದೆಯ 56ನೇ ಕಲಮು, ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತವಾಗುತ್ತದೆ ಎನ್ನುತ್ತದೆ. ಆದರೆ ನಷ್ಟವಾಯಿತು, ಹೊರೆ ಹೆಚ್ಚಾಯಿತು ಎಂಬುದು ‘ಅಸಾಧ್ಯ’ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಫಿಫಾ ಕೊಟ್ಟ ಮಾರ್ಗಸೂಚಿಯೂ ಇದೇ ದಿಕ್ಕಿನದು. ಮೊದಲು ಕೂತು ಮಾತಾಡಿ. ಒಪ್ಪಂದವಾಗದೆ ತಂಡ ಏಕಪಕ್ಷೀಯವಾಗಿ ಸಂಬಳ ಕಡಿತ ಮಾಡಿದರೆ, ಪ್ರಾಮಾಣಿಕವಾಗಿ ಮಾತುಕತೆಗೆ ಯತ್ನಿಸಿತ್ತೇ, ಕಡಿತ ಪರಿಸ್ಥಿತಿಗೆ ತಕ್ಕಷ್ಟೇ ಇತ್ತೇ, ಎಲ್ಲರಿಗೂ ಒಂದೇ ಅಳತೆ ಹಾಕಿತ್ತೇ ಎಂದು ನೋಡಲಾಗುತ್ತದೆ.

ಹಾಗಾದರೆ ಆಟಗಾರರೆಲ್ಲ ನೋಟಿಸು ಕೊಟ್ಟು ಹೊರಬರಬಹುದಿತ್ತಲ್ಲ? ಕಾಗದದ ಮೇಲೆ ಹೌದು. ಆದರೆ ಲೀಗೇ ಇಲ್ಲದಿರುವಾಗ ಹೊರಬಂದು ಹೋಗುವುದೆಲ್ಲಿಗೆ? ವಿದೇಶಿ ಆಟಗಾರನಿಗೆ ಬೇರೆ ದೇಶವಿದೆ. 22 ವರ್ಷದ ಕನ್ನಡದ ಹುಡುಗನಿಗೆ ಇರುವುದು ಇದೊಂದೇ ಲೀಗ್, ಇದೇ ಕೆಲವು ತಂಡಗಳು. ನಾಳೆ ಮತ್ತೆ ಅವರ ಬಾಗಿಲನ್ನೇ ತಟ್ಟಬೇಕು. ಹಕ್ಕು ಇರುವುದಕ್ಕೂ ಅದನ್ನು ಬಳಸಲು ಆಗುವುದಕ್ಕೂ ನಡುವೆ ಇರುವ ಅಂತರ ಇದು. ನಿಯಮ ಪುಸ್ತಕಗಳಲ್ಲಿ ಇದಕ್ಕೆ ಕಲಮು ಇಲ್ಲ. ಕೊನೆಗೆ 2026ರ ಫೆಬ್ರವರಿ 14ರಿಂದ ಐಎಸ್‌ಎಲ್ ಆರಂಭವಾಗಲಿದೆ ಎಂದು ಕೇಂದ್ರ ಕ್ರೀಡಾ ಸಚಿವರು ಜನವರಿಯಲ್ಲಿ ಘೋಷಿಸಿದರು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಲೀಗ್ ಅದು. ಒಬ್ಬ ಫುಟ್‌ಬಾಲ್ ಆಟಗಾರನಿಗೆ ಸಿಗುವುದೇ ಹತ್ತು, ಹನ್ನೆರಡು ಒಳ್ಳೆಯ ವರ್ಷ. ಅದರಲ್ಲಿ ಅರ್ಧ ವರ್ಷ ಹೀಗೆ ಹೋಯಿತು.

ಗಾಯ, ಹೃದಯ ಮತ್ತು ವೈದ್ಯರ ಚೀಟಿ

ಆರೋಗ್ಯದ ವಿಷಯದಲ್ಲಿ ಓಡಾಡುವ ತಪ್ಪು ಕಲ್ಪನೆಗಳು ಇನ್ನೂ ಗಟ್ಟಿ. ಮೊಣಕಾಲಿನ ಗಾಯವಾದರೆ ತಂಡ ಅವತ್ತೇ ಕೈಬಿಡಬಹುದು ಎಂದು ಬಹಳ ಜನ ನಂಬಿದ್ದಾರೆ, ಪಾಪ ಎಷ್ಟೋ ಆಟಗಾರರೂ ನಂಬಿದ್ದಾರೆ. ಗಾಯವೊಂದೇ ಕರಾರು ಮುರಿಯಲು ಸಕಾರಣವಲ್ಲ. ‘ಸಹಿ ಈಗ ಹಾಕು, ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಕರಾರು ಊರ್ಜಿತ’ ಎಂಬ ಷರತ್ತನ್ನೂ ಫಿಫಾ ನಿಯಮ ಒಪ್ಪುವುದಿಲ್ಲ. ಪರೀಕ್ಷೆ ಮಾಡಿಸಬೇಕೆಂದರೆ ತಂಡ ಸಹಿಗೆ ಮೊದಲೇ ಮಾಡಿಸಿಕೊಳ್ಳಬೇಕು.

ಮೇಲೆ ಹೇಳಿದ ಅನ್ವರ್ ಅಲಿಯೇ ಇದಕ್ಕೂ ಸಾಕ್ಷಿ. 2019ರಲ್ಲಿ ಮುಂಬೈ ಸಿಟಿ ತಂಡ ಸೇರಿದಾಗ ಅವರ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಪತ್ತೆಯಾಯಿತು. ಆಟದ ನಡುವೆ ಹೃದಯದ ಬಡಿತ ಏರುಪೇರಾಗಿ ಜೀವಕ್ಕೇ ಅಪಾಯ ತರಬಲ್ಲ ಸ್ಥಿತಿ ಅದು. ಫೆಡರೇಷನ್ ಆಡಬೇಡ ಎಂದಿತು, ಅವರು ದೆಹಲಿ ಹೈಕೋರ್ಟಿಗೆ ಹೋದರು. ತಜ್ಞರ ಪರೀಕ್ಷೆಗಳು ನಡೆದು 2021ರಲ್ಲಿ ಮೈದಾನಕ್ಕೆ ಮರಳಿದರು, ಮುಂದೆ ದೇಶಕ್ಕೂ ಆಡಿದರು. ಅವರು ಗೆದ್ದರೆಂದು ಹೃದಯದ ತೊಂದರೆ ಇದ್ದವರೆಲ್ಲ ಆಡಬಹುದು ಎಂದಲ್ಲ. ಒಬ್ಬೊಬ್ಬರ ಅಪಾಯ ಒಂದೊಂದು ಬಗೆ, ಅದನ್ನು ಹೃದ್ರೋಗ ತಜ್ಞರೇ ಹೇಳಬೇಕು, ಫಾರ್ವರ್ಡ್ ಅಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಗರ್ಭಿಣಿಯಾದ ಆಟಗಾರ್ತಿಯ ಕರಾರು ರದ್ದು ಮಾಡುವಂತಿಲ್ಲ, ಕನಿಷ್ಠ 14 ವಾರಗಳ ಹೆರಿಗೆ ರಜೆ ಕೊಡಬೇಕು ಎಂದು 2021ರಿಂದ ಫಿಫಾ ನಿಯಮವಿದೆ. ಐಸ್‌ಲ್ಯಾಂಡಿನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೊಟ್ಟಿರ್ ಈ ನಿಯಮವನ್ನು ಹಿಡಿದು ಫ್ರಾನ್ಸಿನ ಲಿಯೋನ್‌ನಂಥ ಬಲಿಷ್ಠ ತಂಡದಿಂದ 82,000 ಯೂರೋಗಿಂತ ಹೆಚ್ಚು ಬಾಕಿ ಸಂಬಳದ ಆದೇಶ ಪಡೆದರು.

ನಿಮ್ಮ ಮನೆಯ ಹುಡುಗನ ಮುಂದೆ ಕಾಗದ ಬಂದರೆ

18 ತುಂಬದವರು ತಾವೇ ಹಾಕಿದ ಸಹಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. ಅಪ್ರಾಪ್ತರ ಕರಾರು ಹುಟ್ಟಿನಿಂದಲೇ ಅನೂರ್ಜಿತ ಎಂಬುದು 1903ರಿಂದ ನಿಂತಿರುವ ತೀರ್ಪು. ತಂದೆ ತಾಯಿ ಅಥವಾ ಪೋಷಕರು ಓದಿ ಸಹಿ ಹಾಕಬೇಕು. ಇಂಗ್ಲಿಷಿನಲ್ಲಿದೆ, ಅರ್ಥವಾಗುತ್ತಿಲ್ಲ ಎಂದಾದರೆ ನಾಳೆ ಹಾಕುತ್ತೇವೆ ಎನ್ನಲು ಸಂಕೋಚ ಬೇಡ. ತಾಲ್ಲೂಕು ಕೇಂದ್ರದಲ್ಲಿ ವಕೀಲರಿದ್ದಾರೆ, ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ.

ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ಸಂಬಳವಲ್ಲ, ತಾರೀಖುಗಳು. ಎಂದಿನಿಂದ ಎಂದಿನವರೆಗೆ, ಹಣ ಪ್ರತಿ ತಿಂಗಳು ಯಾವ ದಿನ, ‘ಅವಧಿ ವಿಸ್ತರಿಸುವ ಹಕ್ಕು ತಂಡಕ್ಕೆ ಮಾತ್ರ’ ಎಂಬ ಸಾಲು ಇದೆಯೇ? ಗಾಯದ ಚಿಕಿತ್ಸೆಯ ಖರ್ಚು ಯಾರದು, ವಿಮೆ ಇದೆಯೇ? ತಕರಾರು ಬಂದರೆ ಯಾರ ಮುಂದೆ ಹೋಗಬೇಕು? ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಆಮೇಲೆ ಎಐಎಫ್‌ಎಫ್‌ನ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಸೇರಿದೆಯೇ ಎಂದು ಕೇಳಿ. ನೋಂದಣಿಯಿಲ್ಲದ ಆಟಗಾರ ಫೆಡರೇಷನ್ನಿನ ಸಮಿತಿಯ ಬಾಗಿಲು ತಟ್ಟಿದರೆ ಮೊದಲ ಪ್ರಶ್ನೆಯೇ ಅದು. ನೋಂದಣಿಯಿಂದ ಇನ್ನೊಂದು ಉಪಯೋಗವಿದೆ. ಆಟಗಾರ ಮುಂದೆ ವಿದೇಶಿ ತಂಡಕ್ಕೆ ಹೋದರೆ ವರ್ಗಾವಣೆ ಹಣದ ಶೇ 5ರಷ್ಟು, 12ರಿಂದ 23ರ ವಯಸ್ಸಿನಲ್ಲಿ ಅವನನ್ನು ತರಬೇತುಗೊಳಿಸಿದ ತಂಡಗಳಿಗೆ ಹಂಚಿಕೆಯಾಗುತ್ತದೆ. ದಾಖಲೆ ಇಲ್ಲದ ಊರಿನ ಸಣ್ಣ ಕ್ಲಬ್ಬಿಗೆ ಅದು ಸಿಗುವುದಿಲ್ಲ.

ಕೆಲಸ ಕೊಡುವ ತಂಡ ಆಟಗಾರನಿಗೆ ಹಣ ಕೊಡುತ್ತದೆ. ಕರಾರಿಗೆ ಮೊದಲು ‘ನೋಂದಣಿ ಶುಲ್ಕ’, ‘ಟ್ರಯಲ್ ಶುಲ್ಕ’, ‘ಕಿಟ್ ಠೇವಣಿ’ ಎಂದು ಸಾವಿರಗಟ್ಟಲೆ ಹಣ ಕೇಳಿದರೆ ಅದು ವೃತ್ತಿಪರ ಕರಾರು ಅಲ್ಲ ಎಂದೇ ತಿಳಿಯಿರಿ. ಏಜೆಂಟ್ ಎಂದು ಹೇಳಿಕೊಂಡು ಬಂದವರ ಹತ್ತಿರ ಫಿಫಾ ಪರವಾನಗಿ ಕೇಳಿ. 2023ರಿಂದ ಅದಕ್ಕೆ ಪರೀಕ್ಷೆ ಪಾಸು ಮಾಡಬೇಕು, ಪರವಾನಗಿ ಉಳ್ಳವರ ಹೆಸರು ಫಿಫಾ ಜಾಲತಾಣದಲ್ಲಿ ಹುಡುಕಿದರೆ ಸಿಗುತ್ತದೆ.

ಸಂಬಳ ಬಂದ ದಿನ ಬ್ಯಾಂಕ್ ಸಂದೇಶ ಅಳಿಸಬೇಡಿ. ಬಾರದ ತಿಂಗಳೂ ಹಾಗೆಯೇ. ತಂಡಕ್ಕೆ ಇ–ಮೇಲ್ ಬರೆದು, ಅದರ ಪ್ರತಿಯನ್ನು ಮನೆಯವರ ಮೊಬೈಲಿಗೂ ಕಳಿಸಿಡಿ. ನೋಟಿಸಿನ 15 ದಿನ ಎಣಿಸುವುದು ಆ ತಾರೀಖಿನಿಂದ.